ಶಾಖನಿಯಂತ್ರಕವು ನಿಜವನ್ನೇ ನುಡಿಯಲಿ

ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ ಜಲವಿದ್ಯುತ್ತು ಸಮೃದ್ಧವಾಗಿದೆ. ಅಲ್ಲಿಯ ಬಹುಸಂಖ್ಯೆಯ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಸೌದೆಯೂ ಅಲ್ಲ, ಎಣ್ಣೆಯೂ ಅಲ್ಲ. ಗೋಡೆಯ ಬುಡದಲ್ಲಿ ಉದ್ದಕ್ಕೆ ಅಳವಡಿಸಿದ ವಿದ್ಯುತ್ ಹೀಟರು. ಬೇಸ್‌ಬೋರ್ಡ್ ಹೀಟರ್ ಎಂದು ಅದಕ್ಕೆ ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿಯೂ ಅದರ ಬಳಕೆ ಉಂಟು. ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಆ ದೇಶಗಳಿಗೆ ಹೋಗಿ ನೆಲೆಸುವ ಕನ್ನಡಿಗರಿಗೆ ಇದು ಹೊಸ ವಸ್ತು. ಹೀಟರನ್ನು ಕೊಳ್ಳುವಾಗ ತೋರುವ ಆಸ್ಥೆಯನ್ನು ಅದನ್ನು ಆಳುವ ಥರ್ಮೋಸ್ಟಾಟಿಗೆ, ಎಂದರೆ ಶಾಖನಿಯಂತ್ರಕಕ್ಕೆ, ತೋರದಿರುವುದು ತಪ್ಪೆಂದು ನಾವು ಭಾವಿಸುತ್ತೇವೆ. ಆ ಪುಟ್ಟ ಪೆಟ್ಟಿಗೆಯಿಂದ ನಾವು ಕೇಳಬೇಕಾದುದು ಎರಡು: ಕೋಣೆಯ ಉಷ್ಣತೆಯ ಬಗೆಗೆ ಅದು ಸುಳ್ಳು ಹೇಳಬಾರದು, ವಿದ್ಯುತ್ತು ನಿಂತಿದೆಯೆಂದು ಸೂಚಿಸುವಾಗಲೂ ಸುಳ್ಳು ಹೇಳಬಾರದು.

ಸಾಧಾರಣ ನಿಯಂತ್ರಕದೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಪಟ್ಟಿಯೊಂದು ಇರುತ್ತದೆ. ಕಾವು ಏರಿದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ವಿದ್ಯುತ್ ಸಂಪರ್ಕವನ್ನು ಬಿಡಿಸುತ್ತದೆ. ತಣ್ಣಗಾದಾಗ ಮತ್ತೆ ಕೂಡಿಸುತ್ತದೆ. 240 ವೋಲ್ಟಿನ 1500 ವಾಟ್ ಹೀಟರು ಸೆಳೆಯುವ ಪ್ರವಾಹ 6.25 ಆಂಪಿಯರ್. ಇಂತಹ ನಿಯಂತ್ರಕದ ಗುಂಡಿಯನ್ನು 20 ಡಿಗ್ರಿಗೆ ತಿರುಗಿಸಿದರೂ 30 ಡಿಗ್ರಿಗೆ ತಿರುಗಿಸಿದರೂ ಅದು ಸೆಳೆಯುವುದು ಅಷ್ಟನ್ನೇ. ಬೇಗ ಬೆಚ್ಚಗಾಗಲೆಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದರಿಂದ ಲಾಭವಿಲ್ಲ. ಯಾವಾಗ ನಿಲ್ಲಿಸಬೇಕೆಂಬುದನ್ನು ಮಾತ್ರ ನಿಯಂತ್ರಕ ನಿರ್ಧರಿಸುತ್ತದೆ.

ಆದುದರಿಂದ ಅದನ್ನು ಇರಿಸುವ ಸ್ಥಳ ಮುಖ್ಯ. ಕಿಟಕಿಯ ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿಳಿಯುವುದರಿಂದ, ಅದನ್ನು ಅಲ್ಲಿಯೇ ಕಾಯಿಸಲೆಂದು ಹೀಟರನ್ನು ಸಾಮಾನ್ಯವಾಗಿ ಕಿಟಕಿಯ ಕೆಳಗೆ ಇಡುತ್ತಾರೆ. ತಂತಿಯ ಖರ್ಚು ಉಳಿಯಲೆಂದು ನಿಯಂತ್ರಕವನ್ನೂ ಹೀಟರಿನ ನೇರ ಮೇಲೆ ಕೂರಿಸಿದರೆ, ಮೇಲೇರುವ ಬಿಸಿಗಾಳಿಯೇ ಅದಕ್ಕೆ ಇಡೀ ಕೋಣೆಯಾಗಿ ತೋರುತ್ತದೆ. ಮನೆಯವರು ನಡುಗುತ್ತಿರುವಾಗಲೇ ಅದು ಹೀಟರನ್ನು ನಿಲ್ಲಿಸಿಬಿಡುತ್ತದೆ. ಹೊರಗೋಡೆಯ ಮೇಲೆ ಕೂರಿಸಿದರೆ ಗೋಡೆಯ ತಂಪನ್ನೇ ಕೋಣೆಯ ತಂಪೆಂದು ಬಗೆದು ವಿದ್ಯುತ್ತನ್ನು ಪೋಲು ಮಾಡುತ್ತದೆ. ಒಳಗೋಡೆಯ ಮೇಲೆ, ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿ, ಬಿಸಿಲು, ದೀಪ, ಪರದೆ ಮತ್ತು ಹೊರಬಾಗಿಲಿನ ಗಾಳಿಗೆ ಸಿಗದಂತೆ ಇರಿಸುವುದು ಯುಕ್ತ. ತಂತಿ ಬರುವ ರಂಧ್ರದಿಂದ ತಣ್ಣನೆಯ ಗಾಳಿ ಸುಳಿಯದಂತೆ ಅದನ್ನು ಮುಚ್ಚಬೇಕು.

ಎರಡನೆಯ ವಿಷಯ ಪ್ರಾಣಕ್ಕೆ ಸಂಬಂಧಿಸಿದುದು. ನಮ್ಮ ದೇಶದ ಮನೆಗಳಿಗೆ 230 ವೋಲ್ಟು ಬರುವುದು ಫೇಸ್ ಎಂಬ ಒಂದೇ ತಂತಿಯಲ್ಲಿ. ಜೊತೆಯ ನ್ಯೂಟ್ರಲ್ ತಂತಿಯ ಮಟ್ಟ ಹೆಚ್ಚುಕಡಿಮೆ ಭೂಮಿಯದೇ. ಸ್ವಿಚ್ಚು ಫೇಸ್ ತಂತಿಯನ್ನು ಕಡಿದರೆ ಸಾಕೆಂದು ನಾವು ಕಲಿತಿದ್ದೇವೆ. ಉತ್ತರ ಅಮೆರಿಕದ ಮನೆಗಳಲ್ಲಿ ಈ ಪಾಠ ನಡೆಯದು. ಅಲ್ಲಿ 240 ವೋಲ್ಟು ದೊರೆಯುವುದು ಎರಡು ತಂತಿಗಳ ನಡುವೆ. ಆ ಎರಡರಲ್ಲಿ ಒಂದೊಂದೂ ಭೂಮಿಗೆ ಹೋಲಿಸಿದರೆ 120 ವೋಲ್ಟಿನಲ್ಲಿರುತ್ತದೆ. ಅಗ್ಗದ ಸಿಂಗಲ್ ಪೋಲ್ ನಿಯಂತ್ರಕ ಇವುಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಪ್ರವಾಹ ನಿಲ್ಲುತ್ತದೆ, ಹೀಟರು ಆರುತ್ತದೆ; ಆದರೆ ಎರಡನೆಯ ತಂತಿಯ 120 ವೋಲ್ಟು ಹೀಟರಿನ ಮೂಲಕ ಹಾದು ನಿಯಂತ್ರಕದವರೆಗೂ ಬಂದು ನಿಂತಿರುತ್ತದೆ. ತಣ್ಣಗಿದೆಯೆಂದು ನಂಬಿ ಕೈಯಿಟ್ಟವನಿಗೆ ಅಪಾಯ ತಪ್ಪಿದ್ದಲ್ಲ.

ಡಬಲ್ ಪೋಲ್ ನಿಯಂತ್ರಕವಾದರೋ ಆಫ್ ಎಂಬ ಗುರುತಿಗೆ ತಿರುಗಿಸಿದಾಗ ಎರಡು ತಂತಿಗಳನ್ನೂ ಕಡಿಯುತ್ತದೆ. ಸಿಂಗಲ್ ಪೋಲ್ ನಿಯಂತ್ರಕವನ್ನು ಬಳಸಲು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಅಡ್ಡಿಯಿಲ್ಲ. ಆದರೆ ಹೀಟರನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಸಾಧನವೆಂದು ಅದನ್ನು ಸಂಹಿತೆ ಒಪ್ಪುವುದಿಲ್ಲ.

ದುರಸ್ತಿಗೆ ಮುನ್ನ ಮುಖ್ಯ ಫಲಕದಲ್ಲಿನ ಬ್ರೇಕರನ್ನು ಹೇಗೂ ತೆಗೆಯಬೇಕಷ್ಟೆ, ಹೆಚ್ಚಿನ ಬೆಲೆ ಏಕೆ ಎಂದು ಕೆಲವರು ಕೇಳಬಹುದು. ಬ್ರೇಕರನ್ನು ತೆಗೆದು, ತಂತಿಯಲ್ಲಿ ವಿದ್ಯುತ್ತಿಲ್ಲವೆಂಬುದನ್ನು ಟೆಸ್ಟರಿನಿಂದ ಪರೀಕ್ಷಿಸಿಯೇ ಮುಟ್ಟಬೇಕೆಂಬುದನ್ನು ನಾವೂ ಒತ್ತಿ ಹೇಳುತ್ತೇವೆ. ಡಬಲ್ ಪೋಲ್ ಇದ್ದರೂ ಆ ನಿಯಮಕ್ಕೆ ವಿನಾಯಿತಿಯಿಲ್ಲ. ಆದರೆ ನಿಯಮಗಳನ್ನು ಮನುಷ್ಯರು ಅವಸರದಲ್ಲಿ ಮರೆಯುತ್ತಾರೆ. ಮರೆತವನನ್ನೂ ಕಾಯುವಂತೆ ಉಪಕರಣವನ್ನು ಆರಿಸಿಕೊಳ್ಳುವುದು ವಿವೇಕ. ಬಾಡಿಗೆ ಮನೆಗೆ ಹೋಗುವವರು ತಮ್ಮ ಕೋಣೆಯ ನಿಯಂತ್ರಕ ಎರಡು ತಂತಿಗಳನ್ನೂ ಕಡಿಯುವುದೇ ಎಂದು ಮನೆಯೊಡೆಯರನ್ನು ಕೇಳಲಿ. ಹೊಸದಾಗಿ ಹಾಕಿಸುವವರು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನಿಂದ ಡಬಲ್ ಪೋಲನ್ನೇ ಹಾಕಿಸಲಿ.