ಲ್ಯಾಬ್‌ನಲ್ಲಿ ಒಂದು ಕೈ ಕೊಟ್ಟಿರೋ ರೇಡಿಯೋ ಕೊಡಿ ಸಾರ್

ನಮ್ಮ ಲ್ಯಾಬ್ ಎಕ್ಸಾಂನಲ್ಲಿ ಸರ್ಕ್ಯೂಟ್ ಕೆಲಸ ಮಾಡಿದ್ರೆ ಮಾರ್ಕ್ಸ್. ಮಾಡದಿದ್ರೆ "ಕಿಟ್ ಸರಿ ಇಲ್ಲ ಸಾರ್" ಅಂತ ಪಕ್ಕದ ಟೇಬಲ್‌ಗೆ ಹೋಗ್ತೀವಿ. ಯಾಕೆ ಕೆಲಸ ಮಾಡ್ಲಿಲ್ಲ ಅಂತ ಕಂಡುಹಿಡಿದವರಿಗೆ ಒಂದೇ ಒಂದು ಮಾರ್ಕೂ ಇಲ್ಲ. ಇದು ಬದಲಾಗಬೇಕು ಅನ್ನೋದು ನನ್ನ ವಾದ. ಅದಕ್ಕೆ ತಕ್ಕ ಒಂದು ಪ್ರಯೋಗವನ್ನೂ ಹೇಳ್ತೀನಿ: ಕಾರಿನಲ್ಲಿ ಕೂರಿಸಿದ ಕ್ರಾಸ್-ಬ್ಯಾಂಡ್ ರಿಪೀಟರ್, ಅದೂ ಕೈ ಕೊಟ್ಟಿರೋದು.

ಹ್ಯಾಮ್ ರೇಡಿಯೋ ಗೊತ್ತಿಲ್ಲದವರಿಗೆ ಎರಡು ಮಾತು. ಕೈಯಲ್ಲಿ ಹಿಡಿಯೋ ವಾಕಿ-ಟಾಕಿಯ ಪವರ್ ಸುಮಾರು 5 ವ್ಯಾಟ್. ಘಟ್ಟದ ಕೆಳಗೆ ನಿಂತು ಮಾತಾಡಿದ್ರೆ ಗುಡ್ಡ ದಾಟಿ ಹೋಗೋದು ಕಷ್ಟ. ಅದಕ್ಕೆ ಎತ್ತರದ ಜಾಗದಲ್ಲಿ ಕಾರು ನಿಲ್ಲಿಸಿ, ಅದರೊಳಗೆ ಎರಡು ಬ್ಯಾಂಡಿನ 50 ವ್ಯಾಟ್ ರೇಡಿಯೋ ಇಡ್ತಾರೆ. ಅದು ವಾಕಿ-ಟಾಕಿಯ ಮಾತನ್ನು ಯುಎಚ್‌ಎಫ್‌ನಲ್ಲಿ ಕೇಳಿಸಿಕೊಂಡು, ಅದೇ ಕ್ಷಣ ವಿಎಚ್‌ಎಫ್‌ನಲ್ಲಿ ಜೋರಾಗಿ ಕಳಿಸುತ್ತೆ. ಆ ಕಡೆಯ ಉತ್ತರವನ್ನು ಯುಎಚ್‌ಎಫ್‌ನಲ್ಲಿ ವಾಪಸ್ ಕೊಡುತ್ತೆ. ಭಾರತದಲ್ಲಿ ಈ ಎರಡು ಬ್ಯಾಂಡ್‌ಗಳಲ್ಲಿ ಹ್ಯಾಮ್‌ಗಳಿಗೆ ಸಿಕ್ಕಿರೋದು 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನೆನಪಿದೆಯಲ್ಲ? ಅಂಥ ಕಡೆ ಕರೆಂಟೂ ಟವರೂ ಹೋದ್ರೆ, ಕೆಳಗೆ ಸಿಕ್ಕಿಕೊಂಡವರಿಗೂ ಹೊರಗಿನವರಿಗೂ ಇಂಥ ಒಂದು ಕಾರೇ ಕೊಂಡಿ ಆಗಬಹುದು. ಅಲ್ಲಿ ಅದು ನಿಂತುಹೋದ್ರೆ ಪಕ್ಕದ ಟೇಬಲ್ ಇರಲ್ಲ.

ಇದೇ ಪ್ರಯೋಗ ಯಾಕೆ ಅಂದ್ರೆ, ಇಲ್ಲಿ ತೊಂದರೆ ಕಾಣೋದು ಒಂದೇ ಥರ, ಕಾರಣ ಮಾತ್ರ ಎಲ್ಲೆಲ್ಲೋ ಇರುತ್ತೆ. "ವಾಯ್ಸ್ ಸರಿಯಾಗಿ ಹೋಗ್ತಿಲ್ಲ" ಅನ್ನೋ ಒಂದು ದೂರಿನ ಹಿಂದೆ ಏನೇನಿರಬಹುದು ನೋಡಿ.

ಮೊದಲನೇದು ಬರೀ ಓಮ್ಸ್ ಲಾ. 50 ವ್ಯಾಟ್ ಕಳಿಸುವಾಗ ರೇಡಿಯೋ ಸುಮಾರು 10 ಆಂಪಿಯರ್ ಎಳೆಯುತ್ತೆ. ಸಿಗರೇಟ್ ಲೈಟರ್ ಸಾಕೆಟ್, ತೆಳು ವೈರ್, ಸಡಿಲ ಫ್ಯೂಸ್ ಹೋಲ್ಡರ್ ಎಲ್ಲ ಸೇರಿ 0.1 ಓಮ್ ಇದ್ರೆ ಸಾಕು, 1 ವೋಲ್ಟ್ ದಾರಿಯಲ್ಲೇ ಹೋಯ್ತು. ಇಂಜಿನ್ ಆಫ್ ಇದ್ದು ಬ್ಯಾಟರಿ 12.4 ಕೊಡ್ತಿದ್ರೆ ರೇಡಿಯೋಗೆ ಸಿಗೋದು 11.4. ಈ ರೇಡಿಯೋಗಳನ್ನು ಸಾಮಾನ್ಯವಾಗಿ 13.8 ವೋಲ್ಟ್‌ಗೆ ಮಾಡಿರ್ತಾರೆ. ಸುಮ್ಮನಿರುವಾಗ ಮೀಟರ್ ಇಟ್ರೆ ಎಲ್ಲ ಚೆನ್ನಾಗೇ ಕಾಣುತ್ತೆ. ಟ್ರಾನ್ಸ್‌ಮಿಟ್ ಆಗುವಾಗ, ರೇಡಿಯೋ ತುದಿಯಲ್ಲಿ ಅಳೆದ್ರೆ ಮಾತ್ರ ಸತ್ಯ ಗೊತ್ತಾಗೋದು. ಲೋಡ್ ಇಲ್ಲದೆ ತೆಗೆದ ರೀಡಿಂಗ್ ನಂಬಬೇಡಿ ಅನ್ನೋ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೇದು ಬಿಸಿ. ಮಾಮೂಲಿ ಮಾತುಕತೆಯಲ್ಲಿ ರೇಡಿಯೋಗೆ ಅರ್ಧ ಹೊತ್ತು ರೆಸ್ಟ್. ರಿಪೀಟರ್ ಆದಾಗ ಈ ಕಡೆಯವರು ಮಾತಾಡಿದ್ರೂ ಅದೇ ಟ್ರಾನ್ಸ್‌ಮಿಟ್ ಮಾಡಬೇಕು, ಆ ಕಡೆಯವರು ಮಾತಾಡಿದ್ರೂ ಅದೇ ಮಾಡಬೇಕು. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಕೆಲವು ನಿಮಿಷಕ್ಕೇ ಪವರ್ ಕಡಿಮೆಯಾದ್ರೆ ಆಶ್ಚರ್ಯ ಏನಿಲ್ಲ. ಹತ್ತಿರದಲ್ಲೇ ಇರೋ ವಾಕಿ-ಟಾಕಿಗೆ ಯುಎಚ್‌ಎಫ್ ಕಡೆ ಲೋ ಪವರ್ ಧಾರಾಳವಾಗಿ ಸಾಕು.

ಮೂರನೇದು ನನಗೆ ತುಂಬ ಇಷ್ಟವಾದದ್ದು. ವಿಎಚ್‌ಎಫ್ 145.200 ಇಟ್ಟಿದ್ದೀರಿ ಅಂದುಕೊಳ್ಳಿ. ಅದರ ಮೂರನೇ ಹಾರ್ಮೋನಿಕ್ 435.600. ಅಂದ್ರೆ ಸೀದಾ ನಮ್ಮ ಯುಎಚ್‌ಎಫ್ ಬ್ಯಾಂಡಿನ ಒಳಗೇ ಬಂದು ಬಿತ್ತು! ವಾಕಿ-ಟಾಕಿಗೂ ಅದೇ 435.600 ಕೊಟ್ಟಿದ್ರೆ ರೇಡಿಯೋ ತನ್ನ ದನಿಯನ್ನೇ ತಾನು ಕೇಳಿಸಿಕೊಂಡು ಕೂರುತ್ತೆ. ಎಫ್‌ಎಂ ಆದ್ದರಿಂದ ಡೀವಿಯೇಶನ್ ಕೂಡ ಮೂರು ಪಟ್ಟಾಗುತ್ತೆ, ಹಾಗಾಗಿ ಸ್ವಲ್ಪ ಪಕ್ಕಕ್ಕೆ ಸರಿದ್ರೂ ಸಾಲಲ್ಲ. ಯುಎಚ್‌ಎಫ್ 434.500ಕ್ಕೆ ಇಳಿಸಿದ್ರೆ 1.1 ಮೆಗಾಹರ್ಟ್ಸ್ ಅಂತರ ಸಿಗುತ್ತೆ. 435ರ ಮೇಲೆ ಹ್ಯಾಮ್ ಸ್ಯಾಟಲೈಟ್‌ಗಳ ಜಾಗ ಇರೋದ್ರಿಂದ ಅವಕ್ಕೂ ತೊಂದರೆ ಕೊಟ್ಟ ಹಾಗಾಗಲ್ಲ. ರೇಡಿಯೋ ಬಿಚ್ಚದೆ, ಒಂದು ಗುಣಾಕಾರದಲ್ಲಿ ಮುಗಿಯೋ ರಿಪೇರಿ ಇದು.

ಇನ್ನು ಯಾರೂ ಮಾತಾಡದೆ ಟ್ರಾನ್ಸ್‌ಮಿಟ್ ಆಗ್ತಾನೇ ಇದ್ರೆ, ಮೊದಲು ಕಾರಿನ ಯುಎಸ್‌ಬಿ ಚಾರ್ಜರ್ ಕಿತ್ತು ನೋಡಿ. ಅಗ್ಗದ ಚಾರ್ಜರ್‌ಗಳ ನಾಯ್ಸ್ ಸ್ಕ್ವೆಲ್ಚ್ ತೆರೆದುಬಿಡುತ್ತೆ. ಹಾಗಾಗದಿರಲಿ ಅಂತ ಸಬ್-ಆಡಿಬಲ್ ಟೋನ್ ಹಾಕ್ತಾರೆ. ಆ ಟೋನ್ ಒಂದು ಕಡೆ 88.5, ಇನ್ನೊಂದು ಕಡೆ 91.5 ಹರ್ಟ್ಸ್ ಆಗಿದ್ರೆ ಪೂರ್ತಿ ಮೌನ.

ಕೆಲವು ಸಲ ಕೆಟ್ಟೇ ಇರಲ್ಲ. ದೂರದ ಬೆಟ್ಟದ ರಿಪೀಟರ್ ಮಾತು ಮುಗಿದ ಮೇಲೂ ಒಂದೆರಡು ಸೆಕೆಂಡ್ ಗಾಳಿಯಲ್ಲಿರುತ್ತೆ. ಅಷ್ಟು ಹೊತ್ತು ನಮ್ಮ ಕಾರಿನ ರೇಡಿಯೋ ಅದನ್ನೇ ಕೇಳ್ತಾ ಯುಎಚ್‌ಎಫ್‌ನಲ್ಲಿ ಕಳಿಸ್ತಾ ಇರುತ್ತೆ, ವಾಕಿ-ಟಾಕಿ ಒತ್ತಿದ್ರೆ ಅದಕ್ಕೆ ಕೇಳಲ್ಲ. ಇಲ್ಲಿ ಬೇಕಾಗಿರೋದು ಸ್ಕ್ರೂಡ್ರೈವರ್ ಅಲ್ಲ, ತಾಳ್ಮೆ. ಬಾಲ ಬೀಳೋವರೆಗೂ ಕಾದು, ಬಟನ್ ಒತ್ತಿ, ಒಂದು ಸೆಕೆಂಡ್ ಬಿಟ್ಟು ಮಾತಾಡಬೇಕು.

ಈಗ ಇದನ್ನು ಯಾವುದಾದ್ರೂ ಗ್ರೂಪ್‌ನಲ್ಲಿ ಕೇಳಿ ನೋಡಿ. "ಆಂಟೆನಾ ಚೇಂಜ್ ಮಾಡು ಗುರು", "ಆ ಸೆಟ್ಟೇ ಡಬ್ಬಾ" ಅಂತ ಐದು ನಿಮಿಷದಲ್ಲಿ ಹತ್ತು ಉತ್ತರ ಬರುತ್ತೆ. ಒಬ್ಬರೂ "ಏನೇನು ಅಳೆದೆ?" ಅಂತ ಕೇಳಲ್ಲ. ದಾರಿ ಇರೋದು ಭಾಗ ಮಾಡೋದ್ರಲ್ಲಿ. ಕ್ರಾಸ್-ಬ್ಯಾಂಡ್ ಆಫ್ ಮಾಡಿ, ಎರಡು ಬ್ಯಾಂಡನ್ನೂ ಬೇರೆಬೇರೆಯಾಗಿ ಮಾತಾಡಿಸಿ. ಎರಡೂ ಸರಿ ಇದ್ರೆ ಆಂಟೆನಾ, ಮೈಕ್ ಬಹುಮಟ್ಟಿಗೆ ಬಚಾವ್. ಆಮೇಲೆ ಲೋ ಪವರ್‌ನಲ್ಲಿ ರಿಪೀಟ್ ಆನ್ ಮಾಡಿ. ಲೋನಲ್ಲಿ ಸರಿ, ಹೈನಲ್ಲಿ ಇಲ್ಲ ಅಂದ್ರೆ ವೋಲ್ಟೇಜ್, ಬಿಸಿ, ಹಾರ್ಮೋನಿಕ್ ಕಡೆ ನೋಡಿ. ಇಂಜಿನ್ ಆನ್ ಮಾಡಿ ಒಂದು ಸಲ, ಆಫ್ ಮಾಡಿ ಒಂದು ಸಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಡಬೇಕು.

"ಅರವತ್ತು ಜನಕ್ಕೆ ಕೊಟ್ರೆ ಸೆಟ್ ಸುಟ್ಟುಹಾಕ್ತಾರೆ" ಅಂತ ಲ್ಯಾಬ್ ಇನ್‌ಚಾರ್ಜ್ ಹೇಳಬಹುದು. ಭಯ ನ್ಯಾಯವೇ. ಆದ್ರೆ ಬೇಕಂತಲೇ ಇಡೋ ತಪ್ಪುಗಳು ಸೆಟ್ ಕೆಡಿಸೋ ಥರ ಇರಬೇಕಿಲ್ಲ. ಪವರ್ ಲೈನ್‌ನಲ್ಲಿ ಬಚ್ಚಿಟ್ಟ ಒಂದು 0.1 ಓಮ್ ರೆಸಿಸ್ಟರ್ ಸಾಕು. 10 ಆಂಪಿಯರ್‌ಗೆ ಅದರಲ್ಲಿ 10 ವ್ಯಾಟ್ ಉರಿಯುತ್ತೆ, ಸ್ವಲ್ಪ ದೊಡ್ಡದೇ ಹಾಕಿ. ಇಲ್ಲಾ ಟೋನ್ ಒಂದು ಹೆಜ್ಜೆ ತಪ್ಪಿಸಿ. ಇಲ್ಲಾ ಫ್ರೀಕ್ವೆನ್ಸಿಯನ್ನು ಹಾರ್ಮೋನಿಕ್ ಮೇಲೇ ಕೂರಿಸಿ. ಆಂಟೆನಾ ಜಾಗದಲ್ಲಿ 50 ಓಮ್ ಡಮ್ಮಿ ಲೋಡ್ ಹಾಕಿ. ಆರು ಜನರ ತಂಡ, ಒಂದು ಗಂಟೆ, ಮಾರ್ಕ್ಸ್ ಬರೆದಿಟ್ಟ ಲಾಗ್‌ಗೆ.

ಲೈಸೆನ್ಸ್ ವಿಷಯ ನಿಜವಾದ ತೊಡಕು. ಲೈಸೆನ್ಸ್ ಇಲ್ಲದೆ ಯಾರೂ ಪಿಟಿಟಿ ಒತ್ತೋ ಹಾಗಿಲ್ಲ, ಲೈಸೆನ್ಸ್ ಇರೋ ಒಬ್ಬ ಹ್ಯಾಮ್ ಜೊತೆಗಿರಲೇಬೇಕು. ರಿಪೀಟ್ ಮಾಡೋದಕ್ಕೆ ಲೈಸೆನ್ಸಿನ ಷರತ್ತುಗಳನ್ನೂ ಮೊದಲೇ ಓದಿಕೊಳ್ಳಬೇಕು. ಆದ್ರೆ ಆ ಪರೀಕ್ಷೆ 12 ವರ್ಷ ದಾಟಿದವರು ಬರೆಯಬಹುದಾದದ್ದು, ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಕೂಡ ಇಲ್ಲ. ಫಸ್ಟ್ ಇಯರ್ ಫಿಸಿಕ್ಸ್ ಪಾಸಾದವರಿಗೆ ಭಾರ ಆಗಬಾರದು.

ಹಾಗಾಗಿ ಡಿಪಾರ್ಟ್‌ಮೆಂಟ್‌ಗೆ ನನ್ನ ಕೋರಿಕೆ ಇಷ್ಟೇ: ಸೆಮಿಸ್ಟರ್‌ಗೆ ಒಂದು ಲ್ಯಾಬ್, ಅದರಲ್ಲಿ ಕೆಲಸ ಮಾಡದ ಒಂದು ಸೆಟ್. ರೆಕಾರ್ಡ್ ಬುಕ್‌ನಲ್ಲಿ ಗ್ರಾಫ್ ಮೊದಲು ಎಳೆದು ರೀಡಿಂಗ್ ಆಮೇಲೆ ತುಂಬೋ ನಮ್ಮ ಕಲೆ ಅಲ್ಲಿ ನಡೆಯಲ್ಲ. ಲೈಸೆನ್ಸ್ ಪರೀಕ್ಷೆಗೆ ಜೊತೆಗೆ ಕೂತು ಓದೋಕೆ ಆಸಕ್ತಿ ಇರೋರು ಕ್ಲಬ್ ರೂಮಿಗೆ ಬನ್ನಿ. ಮಲ್ಟಿಮೀಟರ್ ಇದ್ರೆ ತನ್ನಿ.