ನಮ್ಮ ನೆರಳಿಗೆ ಬೆಂಗಳೂರಿನ ತಾರೀಖು ಯಾಕೆ?

ಆಕಾಶ ನೋಡೋಣ ಬನ್ನಿ | ಭಾಗ 6

ಫೋಟೋದಲ್ಲಿ ಕಾಣ್ತಿರೋದು ನಮ್ಮನೆ ತಾರಸಿ, ಒಂದು ಮೀಟರ್ ಪಿವಿಸಿ ಪೈಪು, ಅದರ ಬುಡದಲ್ಲಿ ಎರಡು-ಮೂರು ಸೆಂಟಿಮೀಟರ್ ನೆರಳು. ಹೋದ ವರ್ಷ ಏಪ್ರಿಲ್ 24, ಮಧ್ಯಾಹ್ನ 12:17.

ಅವತ್ತು ಶೂನ್ಯ ನೆರಳಿನ ದಿನ ಅಂತ ಸ್ಟೋರಿ ಹಾಕಿದ್ದೋಳು ನಾನೇ. ರಜೆಗೆ ಬಂದಿದ್ದ ಹೊಸದುರ್ಗದ ಚಿಕ್ಕಮ್ಮನ ಮಗನ್ನ ಬಿಸಿಲಲ್ಲಿ ನಿಲ್ಸಿದ್ದೆ. ನೆರಳು ಹೋಗ್ಲೇ ಇಲ್ಲ. "ಅಕ್ಕಾ, ನಿನ್ನ ಮೊಬೈಲ್ ಸೈನ್ಸ್ ಸುಳ್ಳು" ಅಂದು ಕೆಳಗಿಳಿದು ಹೋದ. ಏಳನೇ ಕ್ಲಾಸ್ ಹುಡುಗ. ಅವನು ನಕ್ಕಿದ್ದಕ್ಕಲ್ಲ, ನಂಬಿಕೆ ಕಳ್ಕೊಂಡು ಹೋದನಲ್ಲ, ಅದಕ್ಕೆ ಬೇಜಾರಾಯ್ತು.

ಸುಳ್ಳು ಸೈನ್ಸಲ್ಲಿ ಇರಲಿಲ್ಲ, ನಾನು ಹುಡುಕಿದ ರೀತಿಯಲ್ಲಿತ್ತು. ಗೂಗಲ್ ಮೊದಲು ತೋರಿಸಿದ್ದು ಬೆಂಗಳೂರಿನ ದಿನ, ಬೆಂಗಳೂರಿನ ಟೈಮು. ಅದನ್ನೇ ಎತ್ತಿ ಹಾಕಿದ್ದೆ. ಪಕ್ಕದ ಅಂಗಡಿ ಲೆಡ್ಜರ್ ನೋಡಿ ನಮ್ಮ ಅಕೌಂಟ್ ಟ್ಯಾಲಿ ಮಾಡಿದಂಗೆ!

ಸೂರ್ಯ ನೆತ್ತಿ ಮೇಲೆ ಬರೋ ದಿನ ಊರಿನ ಅಕ್ಷಾಂಶದ ಮೇಲೆ ನಿಂತಿದೆ. ಬೆಂಗಳೂರು ಸುಮಾರು 13 ಡಿಗ್ರಿ, ಚಿತ್ರದುರ್ಗ 14.2. ಏಪ್ರಿಲಲ್ಲಿ ಸೂರ್ಯ ದಿನಕ್ಕೆ ಡಿಗ್ರಿಯ ಮೂರನೇ ಒಂದು ಭಾಗದಷ್ಟು ಉತ್ತರಕ್ಕೆ ಸರೀತಾನೆ, ಹಾಗಾಗಿ ನಮ್ಮಲ್ಲಿಗೆ ಬರೋಕೆ ಇನ್ನೂ ನಾಲ್ಕು ದಿನ ಬೇಕು. ಗಂಟೆ ನಿಂತಿರೋದು ರೇಖಾಂಶದ ಮೇಲೆ. ನಾವು ಬೆಂಗಳೂರಿಗಿಂತ ಪಶ್ಚಿಮಕ್ಕಿದ್ದೀವಿ, ಸುಮಾರು ಐದು ನಿಮಿಷ ಲೇಟು.

"ನಾಲ್ಕು ದಿನ ತಾನೇ, ಏನ್ ಮಹಾ" ಅಂತೀರಾ? ಹೀಗೆ ಒಂದ್ಸಲ ಮೋಸ ಹೋದ ಹುಡುಗನಿಗೆ, 2025ರ ಆಗಸ್ಟ್ 2ಕ್ಕೆ ಪ್ರಪಂಚಕ್ಕೇ ಆರು ನಿಮಿಷ ಕತ್ತಲು ಅಂತ ಬಂದ ಫಾರ್ವರ್ಡೂ ಒಂದೇ, ನನ್ನ ಸ್ಟೋರಿಯೂ ಒಂದೇ. ಆ ಗ್ರಹಣ ಇರೋದು 2027ರ ಆಗಸ್ಟ್ 2ಕ್ಕೆ, ಪೂರ್ತಿ ಕತ್ತಲು ಸ್ಪೇನ್, ಈಜಿಪ್ಟ್ ಕಡೆಯ ಒಂದು ಪಟ್ಟಿಯಲ್ಲಿ ಮಾತ್ರ. ಅಲ್ಲೂ ತಪ್ಪಿದ್ದು ಇದೇ: ಯಾವಾಗ, ಯಾವ ಊರಲ್ಲಿ ಅಂತ ಯಾರೂ ಕೇಳ್ಲಿಲ್ಲ.

ಸ್ಟೆಲೇರಿಯಮ್ ತೆಗೆದ್ರೆ ಮೊದಲು ಲೊಕೇಶನ್ ನೋಡಿ. ನಿಮ್ಮ ಊರಿನ ಹೆಸರು ಸಿಗ್ಲಿಲ್ವಾ? ಗೂಗಲ್ ಮ್ಯಾಪಲ್ಲಿ ನಿಮ್ಮನೆ ಮೇಲೆ ಒತ್ತಿ ಹಿಡೀರಿ, ಬರೋ ಎರಡು ನಂಬರ್ ಅಲ್ಲಿ ಹಾಕಿ. ಅಷ್ಟೇ ಕೆಲಸ.

ಈ ಸಲ ನಾನು ಹಾಕಿ ನೋಡಿದೆ. ಹೊಸದುರ್ಗ, ಹಿರಿಯೂರಿಗೆ ಏಪ್ರಿಲ್ 27ರ ಹತ್ರ, ಚಿತ್ರದುರ್ಗ, ಹೊಳಲ್ಕೆರೆಗೆ 28ರ ಹತ್ರ, 12:22ರ ಸುಮಾರಿಗೆ. ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಚಾನ್ಸ್ ಇದೆ, ಆದ್ರೆ ಮೋಡ ಬಿಡಬೇಕಲ್ಲ.

ತಮ್ಮನಿಗೆ 27ಕ್ಕೆ ಅವರ ಮನೆ ಅಂಗಳದಲ್ಲೇ ಪೈಪ್ ನಿಲ್ಸೋಕೆ ಹೇಳಿದೀನಿ. "ನೋಡೋಣ" ಅಂದಿದಾನೆ. ಹೊಳಲ್ಕೆರೆ, ಹಿರಿಯೂರಿನವರು ನಿಮ್ಮ ಫೋಟೋ ಕಳ್ಸಿ, ಟೈಮ್ ಬರೆಯೋದು ಮರೀಬೇಡಿ.