ಶಬ್ದವಿಚಾರ: ‘ಪರಿಹಾರ’

ಕಳೆದ ಮಳೆಗಾಲದಲ್ಲಿ ಕಾಡಾನೆಗಳು ನೆರೆಮನೆಯ ತೋಟಕ್ಕೆ ನುಗ್ಗಿ ಫಲಭರಿತವಾದ ಕಂಗುಗಳನ್ನು ಉರುಳಿಸಿದವು. ನಮ್ಮ ಸುಳ್ಯ, ಕಡಬ ಸೀಮೆಗಳಲ್ಲಿ ಇದು ಅಪೂರ್ವವಾದ ಸಂಗತಿಯೇನಲ್ಲ. ಅರ್ಜಿ ಬರೆದುಕೊಡುವ ಕೆಲಸವು, ಹಳೆಯ ಉಪಾಧ್ಯಾಯನೆಂಬ ಕಾರಣದಿಂದ, ನನ್ನ ಪಾಲಿಗೆ ಬಂದಿತು. ‘ಪರಿಹಾರ ದಯಪಾಲಿಸಬೇಕು’ ಎಂಬುದನ್ನು ಓದಿಸಿಕೊಂಡು ಆತನೆಂದನು: “ಮಾಸ್ಟ್ರೇ, ದುಡ್ಡು ಬಂದೀತು, ಅಪ್ಪ ನೆಟ್ಟ ಮರ ಬರುವುದುಂಟೇ?”

ಆ ಪ್ರಶ್ನೆಯು ಶಬ್ದದ ಮೂಲಕ್ಕೇ ಮುಟ್ಟುವಂತಹುದು. ‘ಪರಿ’ ಎಂಬ ಉಪಸರ್ಗ ಸೇರಿದ ‘ಹೃ’ ಧಾತುವಿನಿಂದ ಪರಿಹಾರವು ನಿಷ್ಪನ್ನವಾಗಿದೆ. ತೊಲಗಿಸುವುದು, ವರ್ಜಿಸುವುದು, ಬಿಡುವುದು ಎಂಬಿವು ಅದರ ಮೂಲಾರ್ಥಗಳು. ಕೊಡುವುದೆಂಬ ಅರ್ಥವು ಧಾತುವಿನಲ್ಲಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗ್ರಾಮದ ಸುತ್ತಲೂ ನೂರು ಧನುಸ್ಸುಗಳಷ್ಟು ಬಿಡತಕ್ಕ ನೆಲಕ್ಕೆ ಪರಿಹಾರವೆಂದು ಹೆಸರು. ಅಲ್ಲಿ ಬೇಲಿಯಿಲ್ಲದ ಪೈರನ್ನು ದನ ಮೇದರೆ ಗೋಪಾಲಕನಿಗೆ ದಂಡವಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಪ್ರಾಚೀನ ದಾನಶಾಸನಗಳಲ್ಲಿಯೂ ಅದೇ ಶಬ್ದವು ತೆರಿಗೆಯ ವಿನಾಯಿತಿಯನ್ನು ಸೂಚಿಸುತ್ತದೆ. ‘ನಷ್ಟಪರಿಹಾರ’ವೆಂದರೂ ನಷ್ಟವನ್ನು ತೊಲಗಿಸುವುದೆಂದೇ ಅರ್ಥ, ಅದಕ್ಕಾಗಿ ಕೊಡುವ ಹಣಕ್ಕೂ ಈಗ ಅದೇ ಹೆಸರು.

ಆಂಗ್ಲರ ‘ಕಾಂಪೆನ್ಸೇಶನ್’ ಶಬ್ದವು ಲ್ಯಾಟಿನ್ ಮೂಲದ್ದು. ಒಂದಕ್ಕೊಂದನ್ನು ಸರಿಯಾಗಿ ತೂಗುವುದೆಂದು ಅದರ ಭಾವ. ಅವರದು ತಕ್ಕಡಿ, ನಮ್ಮದು ತೊಲಗಿಸುವಿಕೆ. ಆದರೆ 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯು ಇಬ್ಬರನ್ನು ಕೊಂದಿತು. ಅಂತಹ ನಷ್ಟವನ್ನು ಯಾವ ತಕ್ಕಡಿ ತೂಗೀತು? ಯಾವ ಹಣ ತೊಲಗಿಸೀತು?

ಪ್ರಾಚೀನರಿಗೂ ಈ ತೊಡಕು ತಿಳಿದಿತ್ತು. ಕ್ಷತ್ರಿಯನನ್ನು ಕೊಂದವನು ಸಾವಿರ ಗೋವುಗಳನ್ನು ಕೊಡಬೇಕೆಂದು ಆಪಸ್ತಂಬನು ವಿಧಿಸುವಾಗ ಅದನ್ನು ಜೀವದ ಬೆಲೆಯೆನ್ನಲಿಲ್ಲ. ‘ವೈರಯಾತನ’ವೆಂದನು, ಅಂದರೆ ಹಗೆಯನ್ನು ತೀರಿಸುವುದು. ವರ್ಣ ಇಳಿದಂತೆ ಗೋವುಗಳ ಸಂಖ್ಯೆಯೂ ಇಳಿದುದು ಆ ವಿಧಿಯ ಅನ್ಯಾಯ. ಇಂದಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೆಯ ಕಲಮಿನಂತೆ ಅಪರಾಧಿಯ ದಂಡದ ಹಣದಿಂದ ನೊಂದವರಿಗೆ ಪರಿಹಾರ ಕೊಡಿಸಬಹುದು, ಅಲ್ಲಿ ವರ್ಣಭೇದವಿಲ್ಲ.

ನಮ್ಮ ನಾಡಿನಲ್ಲಿ ಇನ್ನೊಂದು ಮಾತುಂಟು: ತಪ್ಪುಕಾಣಿಕೆ. ಕಾಣಿಕೆಯು ‘ಕಾಣು’ ಧಾತುವಿನಿಂದ ಬಂದುದು. ನಾಣ್ಯ ಚಿಕ್ಕದಿರಬಹುದು, ಆದರೆ ತಪ್ಪಿದವನು ತಾನೇ ಬಂದು, ಎದುರಿಗೆ ನಿಂತು, ‘ತಪ್ಪಾಯಿತು’ ಎನ್ನಬೇಕು.

ಆನೆಗೆ ತಪ್ಪೊಪ್ಪಿಕೊಳ್ಳುವ ಮಾತಿಲ್ಲ. ಮನುಷ್ಯರಾದ ನಮಗುಂಟು. ನಮ್ಮ ದನ ನೆರೆಯವನ ಸಸಿ ಮೇದ ದಿನ ಹಣವನ್ನು ಆಳಿನ ಕೈಯಲ್ಲಿ ಕಳುಹಿಸದೆ ನಾವೇ ಹೋಗೋಣ. ಹೋದ ಸಸಿ ಬಾರದು, ಹಗೆಯಾದರೂ ಪರಿಹಾರವಾದೀತು.